ಕಿವಿ ಮಂದವಾದ ಮೇಲೆ ವಾರ್ಡಿನ ಕೆಲಸ

ಪ್ರಶ್ನೆ: ಕಾಸರಗೋಡಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಸ್ಟಾಫ್ ನರ್ಸ್. ನನ್ನ ಎರಡೂ ಕಿವಿಗಳ ನರ ದುರ್ಬಲವಾಗಿದ್ದು, ತೀಕ್ಷ್ಣ ಸ್ವರಗಳು ಸರಿಯಾಗಿ ಕೇಳಿಸುವುದಿಲ್ಲವೆಂದು ಪರೀಕ್ಷೆಯಲ್ಲಿ ತಿಳಿದುಬಂದಿದೆ. ಹಿಯರಿಂಗ್ ಏಡ್ ಹಾಕಿದ ಮೇಲೆ ಸ್ಟೆತೊಸ್ಕೋಪ್ ಬಳಸುವುದು ಕಷ್ಟವಾಗಿದೆ. ಕೆಲಸ ಹೋದೀತೆಂದು ಯಾರಿಗೂ ಹೇಳಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಸ್ಟೆತೊಸ್ಕೋಪ್, ಆದರೆ ಪರಿಹಾರ ಸುಲಭವಾಗಿರುವುದೂ ಅದಕ್ಕೇ. ಹೃದಯ ಬಡಿತದ ಸದ್ದು ಬಹುಪಾಲು 200 ಹರ್ಟ್ಸ್‌ಗಿಂತ ಕೆಳಗಿನದು, ಅಂದರೆ ಕೆಳಸ್ವರ. ಹಿಯರಿಂಗ್ ಏಡ್ ಮುಖ್ಯವಾಗಿ ಮಾತಿನ ಸ್ವರಗಳನ್ನು ಹಿಗ್ಗಿಸುವ ಉಪಕರಣವಾದ್ದರಿಂದ, ಅದರ ವಾಲ್ಯೂಮ್ ಏರಿಸಿ ಹೃದಯದ ಸದ್ದನ್ನು ಹಿಡಿಯಲು ಯತ್ನಿಸುವುದು ವ್ಯರ್ಥ. ತೀಕ್ಷ್ಣ ಸ್ವರಗಳಷ್ಟೇ ಕುಂದಿದ್ದರೆ, ಏಡ್ ತೆಗೆದಿಟ್ಟು ಸಾಮಾನ್ಯ ಸ್ಟೆತೊಸ್ಕೋಪ್‌ನಿಂದಲೇ ಹೃದಯ ಬಡಿತವನ್ನೂ ರಕ್ತದೊತ್ತಡದ ಸದ್ದನ್ನೂ ಕೇಳಲು ಅನೇಕರಿಗೆ ಸಾಧ್ಯವಾಗುತ್ತದೆ. ಉಬ್ಬಸದ ಸಿಳ್ಳೆಯಂತಹ ಏರುಸ್ವರಗಳಿಗೆ ಎಲೆಕ್ಟ್ರಾನಿಕ್ ಸ್ಟೆತೊಸ್ಕೋಪ್ ಬೇಕಾದೀತು. ಅದನ್ನು ಬ್ಲೂಟೂತ್ ಮೂಲಕ ಏಡ್‌ಗೆ ಜೋಡಿಸುವವರಿದ್ದಾರೆ; ಆದರೆ ಏಡ್‌ನ ತುದಿಯಲ್ಲಿ ಕಿವಿಯನ್ನು ಪೂರ್ತಿ ಮುಚ್ಚದ ತೆರೆದ ಡೋಮ್ (ಕಿವಿಯೊಳಗೆ ಕೂರುವ ಮೃದುವಾದ ಟೊಪ್ಪಿ) ಇದ್ದರೆ ಕೆಳಸ್ವರಗಳು ಹೊರಗೆ ಸೋರಿಹೋಗುತ್ತವೆ. ಅಂಥವರಿಗೆ ಏಡ್‌ನ ಮೇಲೆಯೇ ಕೂರುವ ದೊಡ್ಡ ಹೆಡ್‌ಫೋನ್ ಮೇಲು. ಕೊಳ್ಳುವ ಮೊದಲು ನಿಮ್ಮ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಎದುರಿನಲ್ಲೇ ಪರೀಕ್ಷಿಸಿ ನೋಡಿ, ಏಕೆಂದರೆ ಬೆಲೆ ಕಡಿಮೆಯದಲ್ಲ.

ನಿಜವಾದ ಅಪಾಯವಿರುವುದು ಮೌಖಿಕ ಸೂಚನೆಗಳಲ್ಲಿ. ನಮ್ಮ ಜಿಲ್ಲೆಯ ವಾರ್ಡಿನಲ್ಲಿ ರೋಗಿ ಮಲಯಾಳದಲ್ಲಿ ದೂರು ಹೇಳಿ, ಜೊತೆಗಿರುವವರು ತುಳುವಿನಲ್ಲಿ ವಿವರಿಸಿ, ವೈದ್ಯರು ಇಂಗ್ಲಿಷಿನಲ್ಲಿ ಆದೇಶ ಕೊಡುವುದು ದಿನನಿತ್ಯದ ಸಂಗತಿ. ತುಟಿ ನೋಡಿ ಅರ್ಥಮಾಡಿಕೊಳ್ಳುವವರು ಮುಂದಿನ ಮಾತು ಯಾವ ಭಾಷೆಯಲ್ಲಿ ಬರುತ್ತದೆಂದು ಮೊದಲೇ ಊಹಿಸಿರುತ್ತಾರೆ. ಭಾಷೆ ಬದಲಾದೊಡನೆ ಊಹೆ ತಪ್ಪುತ್ತದೆ, ಮಾಸ್ಕ್ ಇದ್ದರೆ ಆ ಆಸರೆಯೂ ಇಲ್ಲ. ಮಾಸ್ಕ್ ಮೊದಲು ನುಂಗುವುದು ಏರುಸ್ವರವನ್ನು, ಅಂದರೆ ನಿಮಗೆ ಈಗಾಗಲೇ ಕಷ್ಟವಾಗಿರುವ ಸ, ಶ ಮುಂತಾದ ವ್ಯಂಜನಗಳನ್ನು. ಫೋನಿನಲ್ಲಿ ‘ಫಿಫ್ಟೀನ್’ ಎಂಬುದು ‘ಫಿಫ್ಟಿ’ ಎಂದು ಕೇಳಿಸಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಆದ್ದರಿಂದ ಪ್ರತಿ ಮೌಖಿಕ ಆದೇಶವನ್ನು ಬರೆದುಕೊಂಡು, ‘ಒನ್ ಫೈವ್’ ಎಂದು ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ ಖಚಿತಪಡಿಸಿಕೊಳ್ಳಿ. ಕಿವಿ ಚೆನ್ನಾಗಿರುವವರೂ ಹೀಗೆಯೇ ಮಾಡಬೇಕು, ಮಾಡುವುದಿಲ್ಲ, ಅಷ್ಟೇ.

ಇವೆಲ್ಲ ನಡೆಯಬೇಕಾದರೆ ವಿಷಯವನ್ನು ಮುಚ್ಚಿಡಲಾಗದು. ನನ್ನ ಸ್ಪಷ್ಟ ಸಲಹೆ, ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಲಿಖಿತವಾಗಿ ತಿಳಿಸಿ. ಪತ್ರದಲ್ಲಿ ಕಾಯಿಲೆಯ ವರ್ಣನೆಗಿಂತ ಯಾವ ಕೆಲಸಕ್ಕೆ ಯಾವ ಏರ್ಪಾಡು ಬೇಕೆಂಬುದು ಮುಖ್ಯವಾಗಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21ನೇ ಸೆಕ್ಷನ್ ಪ್ರಕಾರ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಸೇವೆಯ ನಡುವೆ ಅಂಗವೈಕಲ್ಯ ಬಂದವರನ್ನು ತೆಗೆದುಹಾಕಬಾರದೆಂಬ 20ನೇ ಸೆಕ್ಷನ್ನಿನ ನೇರ ರಕ್ಷಣೆ ಸರ್ಕಾರಿ ನೌಕರರಿಗೆ ಮಾತ್ರ ಇರುವುದರಿಂದ, ಪತ್ರದ ಒಂದು ಪ್ರತಿಯನ್ನು ನೀವು ಇಟ್ಟುಕೊಳ್ಳುವುದು ಅಗತ್ಯ. ಕಾಯಿದೆಯ ದೃಷ್ಟಿಯಲ್ಲಿ ‘ಶ್ರವಣ ಮಂದತೆ’ ಎಂದರೆ ಮಾತಿನ ಸ್ವರಗಳಲ್ಲಿ ಎರಡೂ ಕಿವಿಗಳಿಗೆ 60ರಿಂದ 70 ಡೆಸಿಬಲ್ ನಷ್ಟ; ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಮುನ್ನ ನಿಮ್ಮ ಆಡಿಯೋಗ್ರಾಂ (ಶ್ರವಣ ಪರೀಕ್ಷೆಯ ನಕ್ಷೆ) ಆ ಮಟ್ಟ ಮುಟ್ಟಿದೆಯೇ ಎಂದು ಕೇಳಿ ತಿಳಿಯಿರಿ.

ಪತ್ರ ಕೊಡುವ ಮೊದಲು ಒಂದು ಕೆಲಸವಿದೆ. ಸಹೋದ್ಯೋಗಿಯೊಬ್ಬರನ್ನು ಜೊತೆಗಿರಿಸಿಕೊಂಡು, ನರ್ಸಿಂಗ್ ಸ್ಟೇಷನ್ನಿನಲ್ಲಿ ಕುಳಿತು ನಿಮ್ಮ ವಾರ್ಡಿನ ಪ್ರತಿ ಇನ್‌ಫ್ಯೂಷನ್ ಪಂಪ್ (ರಕ್ತನಾಳಕ್ಕೆ ಔಷಧಿ ಹರಿಸುವ ಯಂತ್ರ) ಮತ್ತು ಮಾನಿಟರಿನ ಅಲಾರಂ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿ. ಕೇಳಿಸದಿದ್ದರೆ, ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ನೋಡಿಕೊಳ್ಳಬೇಕಾದ ಹಾಸಿಗೆಗಳನ್ನು ನಿಮಗೆ ವಹಿಸಬಾರದೆಂಬುದನ್ನು ಪತ್ರದಲ್ಲಿ ಮೊದಲು ಬರೆಯಿರಿ.