ಏಳನೇ ಪುಟದ ಕಣಜ

ಪ್ರಿಯ ಲೇಖಕರೇ,

‘ಪ್ರಕೃತಿ ಮತ್ತು ಮಾನವ: ತತ್ತ್ವಶಾಸ್ತ್ರ, ವಿಜ್ಞಾನ, ಸಾಹಿತ್ಯ’ ಎಂಬ ನಿಮ್ಮ ಹನ್ನೆರಡು ಪುಟದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ‘ವಿಷಾದಿಸುತ್ತೇವೆ’ ಎಂಬ ಅಚ್ಚಿನ ಚೀಟಿ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಏಳನೇ ಪುಟ ಬಿಡಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಕರಾರು. ನಿಮ್ಮ ಆರಂಭದ ವಾಕ್ಯ: ‘ಅನಾದಿ ಕಾಲದಿಂದಲೂ ಮಾನವನಿಗೂ ಪ್ರಕೃತಿಗೂ ಅವಿನಾಭಾವ ಸಂಬಂಧವಿದೆ.’ ಈ ವಾಕ್ಯ ನನ್ನ ಮೇಜಿಗೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ, ಬೇರೆ ಬೇರೆಯವರ ಹೆಸರಲ್ಲಿ. ಇದನ್ನು ಅಲ್ಲಗಳೆಯುವವರು ಯಾರೂ ಇಲ್ಲ, ಹಾಗಾಗಿಯೇ ಇದರಲ್ಲಿ ಓದಲು ಏನೂ ಇಲ್ಲ. ಮುಂದೆ ಪ್ರಕೃತಿ, ನಿಸರ್ಗ, ಪರಿಸರ ಎಂಬ ಮೂರು ಪದಗಳನ್ನು ಒಂದರ ಬದಲು ಇನ್ನೊಂದು ಹಾಕುತ್ತಾ ಹೋಗಿದ್ದೀರಿ, ಒಂದೇ ಪದ ಮತ್ತೆ ಮತ್ತೆ ಬರಬಾರದು ಎಂಬ ಶಾಲೆಯ ಪಾಠವನ್ನು ಇನ್ನೂ ಮರೆಯದವರ ಹಾಗೆ. ಅವು ಒಂದೇ ಅಲ್ಲ. ಪರಿಸರ ಎಂದರೆ ಸುತ್ತ ಇರುವುದು. ನಡುವೆ ಯಾರೋ ನಿಂತಿದ್ದರೆ ತಾನೇ ಸುತ್ತ ಎನ್ನಲು ಸಾಧ್ಯ? ಪ್ರಕೃತಿ ಹಾಗಲ್ಲ. ಸಾಂಖ್ಯರ, ಅಂದರೆ ನಮ್ಮ ಹಳೆಯ ದರ್ಶನವೊಂದರವರ ಲೆಕ್ಕದಲ್ಲಿ ಬುದ್ಧಿ, ಅಹಂಕಾರ, ಮನಸ್ಸು ಎಲ್ಲವೂ ಪ್ರಕೃತಿಯ ಕಡೆಗೇ ಸೇರುತ್ತವೆ. ಹೊರಗುಳಿಯುವವನು ಪುರುಷ ಒಬ್ಬನೇ, ಅವನೋ ಸುಮ್ಮನೆ ನೋಡುವವನು. ಅಂದರೆ ನಿಮ್ಮ ಶೀರ್ಷಿಕೆಯ ‘ಮತ್ತು’ ಸಾಂಖ್ಯರ ಮುಂದೆ ನಿಲ್ಲುವುದಿಲ್ಲ. ಕಾಯಿಲೆ ಬಿದ್ದವರನ್ನು ‘ಪ್ರಕೃತಿ ಹೇಗಿದೆ?’ ಎಂದು ವಿಚಾರಿಸುತ್ತಿದ್ದ ಹಿರಿಯರೂ ಅದನ್ನು ಒಪ್ಪುತ್ತಿರಲಿಲ್ಲ.

ಮೂರನೇ ಪುಟದಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್‌ನನ್ನು, ಮನುಷ್ಯನೇ ನಿಸರ್ಗದ ಒಡೆಯ ಎಂದವನು ಎಂದು ಕಟಕಟೆಯಲ್ಲಿ ನಿಲ್ಲಿಸಿದ್ದೀರಿ. 1637ರಲ್ಲಿ ಅವನು ಬರೆದದ್ದು ನಾವು ನಿಸರ್ಗದ ಒಡೆಯರ ‘ಹಾಗೆ’ ಆಗಬಹುದು ಎಂದು. ಅದರಿಂದ ಮುಖ್ಯವಾಗಿ ಅವನು ಬಯಸಿದ್ದು ಆರೋಗ್ಯವನ್ನು. ಆ ‘ಹಾಗೆ’ಯನ್ನು ನುಂಗಿಕೊಂಡು ಬೈಯುವುದು ಸುಲಭ. ಅದೇ ಪುಸ್ತಕದಲ್ಲಿ ಅವನು ಪ್ರಾಣಿಗಳನ್ನು ಯಂತ್ರಗಳಿಗೆ ಹೋಲಿಸಿದ್ದಾನಲ್ಲ, ಬೈಯುವುದಾದರೆ ಅದಕ್ಕೆ ಬೈಯಬಹುದಿತ್ತು.

ಇದಕ್ಕಿಂತ ದೊಡ್ಡ ಎಡವಟ್ಟು ಐದನೇ ಪುಟದಲ್ಲಿದೆ. ಅಮೆರಿಕದ ಮೂಲನಿವಾಸಿಗಳ ನಾಯಕ ಸಿಯಾಟಲ್ 1854ರಲ್ಲಿ ಅಲ್ಲಿನ ಅಧ್ಯಕ್ಷರಿಗೆ ಬರೆದ ಪತ್ರ ಎಂದು ಅರ್ಧ ಪುಟ ಇಳಿಸಿದ್ದೀರಿ. ಅಂಥ ಪತ್ರ ಇಲ್ಲ. ಒಂದು ಭಾಷಣವಿತ್ತು ಎನ್ನುತ್ತಾರೆ. ಅದನ್ನು ಕೇಳಿದ್ದೆ ಎಂದ ಹೆನ್ರಿ ಸ್ಮಿತ್ ಅದನ್ನು ಪತ್ರಿಕೆಯಲ್ಲಿ ಪ್ರಕಟಿಸಿದ್ದು 1887ರಲ್ಲಿ, 33 ವರ್ಷ ಕಳೆದ ಮೇಲೆ. ‘ಭೂಮಿ ಮನುಷ್ಯನಿಗೆ ಸೇರಿದ್ದಲ್ಲ, ಮನುಷ್ಯನೇ ಭೂಮಿಗೆ ಸೇರಿದವನು’ ಎಂಬ ನಿಮ್ಮ ಮೆಚ್ಚಿನ ಸಾಲು ಅದರಲ್ಲೂ ಇಲ್ಲ. ಅದು 1970ರ ದಶಕದ ಮೊದಲಲ್ಲಿ ಸಿನಿಮಾವೊಂದಕ್ಕಾಗಿ ಟೆಡ್ ಪೆರಿ ಎಂಬ ಲೇಖಕ ಬರೆದದ್ದು. ಓಡುವ ರೈಲಿನಿಂದ ಗುಂಡು ಹೊಡೆದು ಕೊಂದ ಸಾವಿರ ಬೈಸನ್‌ಗಳು ಬಯಲಲ್ಲಿ ಕೊಳೆಯುವುದನ್ನು ಕಂಡೆ ಎಂದು ಅದರಲ್ಲಿ ಸಿಯಾಟಲ್ ಹೇಳುತ್ತಾನೆ. ಅವನಿದ್ದದ್ದು ಆ ಬಯಲುಗಳಿಂದ ಬಹುದೂರ, ಪಶ್ಚಿಮ ಕರಾವಳಿಯಲ್ಲಿ, ತೀರಿಕೊಂಡದ್ದು 1866ರಲ್ಲಿ. ಖಂಡದ ಆಚೀಚೆಯ ಹಳಿಗಳು ಕೂಡಿದ್ದು 1869ರಲ್ಲಿ. ನಮಗೆ ಬೇಕಾದದ್ದನ್ನು ಸತ್ತವರ ಬಾಯಲ್ಲಿ ಹೇಳಿಸಿದರೆ ಎಷ್ಟು ಚೆಂದ ಕೇಳುತ್ತದೆ ನೋಡಿ. (ನಾನೂ ಒಮ್ಮೆ ಇದನ್ನು ಚೌಕಟ್ಟು ಹಾಕಿ ಅಚ್ಚು ಮಾಡಿಸಿದ್ದೆ. ಓದುಗರೊಬ್ಬರು ಪೋಸ್ಟ್‌ಕಾರ್ಡಿನಲ್ಲೇ ಮಂಗಳಾರತಿ ಮಾಡಿದರು.)

ಇನ್ನು ಏಳನೇ ಪುಟ. ಕಿಟಕಿಗೆ ಬಣ್ಣ ಹೊಡೆಯುವಾಗ ಕಣಜ ಕಟ್ಟಿದ್ದ ಮಣ್ಣಿನ ಗೂಡನ್ನು ಒಡೆದಿರಿ. ಒಳಗೆ ಆರು ಹಸಿರು ಹುಳು. ಸತ್ತಿಲ್ಲ, ಬದುಕಿದ ಹಾಗೂ ಇಲ್ಲ, ಮುಟ್ಟಿದಾಗ ಒಂದು ಮಾತ್ರ ಮಿಸುಕಿತು. ನಾಲ್ಕೇ ಸಾಲು. ಐದನೆಯದರಲ್ಲಿ ‘ಹೀಗೆ ಪ್ರಕೃತಿ ಮಾತೆ ನಮಗೆ ಮಮತೆಯ ಪಾಠ ಕಲಿಸುತ್ತಾಳೆ’ ಎಂದು ಅಲ್ಲಿಂದ ಓಡಿಬಿಟ್ಟಿದ್ದೀರಿ. ಯಾರ ಮಾತೆ? ಕಣಜದ ಮರಿಗೆ ಸರಿ. ಹುಳುಗಳನ್ನು ಕೇಳಿದಿರಾ?

ನಿಮ್ಮ ಶೀರ್ಷಿಕೆಯ ಮೂರೂ ಆ ಗೂಡಿನಲ್ಲಿದ್ದವು. ಭ್ರಮರಕೀಟ ನ್ಯಾಯ ಕೇಳಿರುತ್ತೀರಿ. ಕಣಜ ಹುಳುವನ್ನು ತಂದು ಗೂಡಿನಲ್ಲಿಟ್ಟು ಬಾಯಿ ಮುಚ್ಚುತ್ತದೆ. ಎಷ್ಟೋ ದಿನದ ಮೇಲೆ ಗೂಡು ಕೊರೆದು ಬರುವುದು ಇನ್ನೊಂದು ಕಣಜ. ಹುಳು ಹೆದರಿ ಕಣಜವನ್ನೇ ನೆನೆನೆನೆದು ಕಣಜವಾಯಿತು, ಹಾಗೆಯೇ ಜೀವ ಶಿವನಾಗುತ್ತದೆ ಎಂದರು ಹಿಂದಿನವರು. ಭಾಗವತದ ಹನ್ನೊಂದನೇ ಸ್ಕಂಧದಲ್ಲಿ ಅವಧೂತ ಎಣಿಸುವ ಇಪ್ಪತ್ನಾಲ್ಕು ಗುರುಗಳ ಪೈಕಿ ಈ ಕಣಜವೂ ಒಂದು. ಕೀಡೆ (ಹುಳು) ಕುಂಡಲಿಗ (ಕಣಜ) ಆಗುವ ಹೋಲಿಕೆ ವಚನಗಳಲ್ಲೂ ಇದೆ. ಅವರು ಕಣ್ಣು ಮುಚ್ಚಿಕೊಂಡು ಹೇಳಿದ್ದಲ್ಲ. ಹುಳು ಒಳಗೆ ಹೋದದ್ದನ್ನೂ ಕಣಜ ಹೊರಬಂದದ್ದನ್ನೂ ಸರಿಯಾಗಿಯೇ ಕಂಡಿದ್ದರು. ಮಣ್ಣು ಮುಚ್ಚಿದ ನಡುವಿನ ದಿನಗಳನ್ನು ಮಾತ್ರ ಊಹೆಯಿಂದ ತುಂಬಿದರು.

ಆ ದಿನಗಳೊಳಗೆ ಇಣುಕಿದವರಲ್ಲಿ ಒಬ್ಬ, ಫ್ರಾನ್ಸಿನಲ್ಲಿ ಮೇಷ್ಟ್ರಾಗಿದ್ದ ಝಾನ್ ಆನ್ರಿ ಫಾಬ್ರ್. ಕುಡಿಕೆಯಂಥ ಗೂಡು ಕಟ್ಟುವ ಕಣಜ ಮೊಟ್ಟೆಯನ್ನು ಹುಳುಗಳ ಮೇಲೆ ಇಡುವುದಿಲ್ಲ, ಗೂಡಿನ ಚಾವಣಿಯಿಂದ ಸಣ್ಣ ಎಳೆಯೊಂದರಲ್ಲಿ ನೇತುಹಾಕುತ್ತದೆ ಎಂಬುದನ್ನು ಅವನು ಕಂಡ. ಚುಚ್ಚಿಸಿಕೊಂಡು ಜಡವಾದರೂ ಹುಳುಗಳು ಹೊರಳಾಡುತ್ತವೆ. ನಡುವೆ ಬಿದ್ದರೆ ಮೊಟ್ಟೆ ಜಜ್ಜಿಹೋದೀತು. ಹಾಗೆಂದು ಅವನ್ನು ಕೊಲ್ಲುವಂತೆಯೂ ಇಲ್ಲ, ಸತ್ತರೆ ಕೊಳೆಯುತ್ತವೆ. ಮೊಟ್ಟೆಯೊಡೆದ ಮರಿಗೆ ತಾಜಾ ಊಟ ಬೇಕು. ಹುಳುವೇ ಕಣಜವಾಗುತ್ತದೆ ಎಂಬ ಮಾತು ಒಂದು ಲೆಕ್ಕಕ್ಕೆ ಸುಳ್ಳೂ ಅಲ್ಲ, ಧ್ಯಾನದ ದಾರಿಯಲ್ಲಲ್ಲ, ಹೊಟ್ಟೆಯ ದಾರಿಯಲ್ಲಿ.

1860ರ ಮೇ ತಿಂಗಳಲ್ಲಿ ಸಸ್ಯವಿಜ್ಞಾನಿ ಏಸಾ ಗ್ರೇಗೆ ಪತ್ರ ಬರೆಯುತ್ತಿದ್ದ ಡಾರ್ವಿನ್ ಕೂಡ ಇದರ ದಾಯಾದಿಯ ಹತ್ತಿರ ಬಂದು ನಿಂತುಬಿಡುತ್ತಾನೆ. ಜೀವಂತ ಹುಳುವಿನ ಮೈಯೊಳಗೇ ತಿಂದು ಬೆಳೆಯುವ ಕಣಜ ಅದು. ದಯಾಮಯನೂ ಸರ್ವಶಕ್ತನೂ ಆದ ದೇವರು ಬೇಕೆಂದೇ ಇದನ್ನು ಸೃಷ್ಟಿಸಿದ ಎಂದು ನಂಬಲು ತನ್ನಿಂದ ಆಗುತ್ತಿಲ್ಲ ಎನ್ನುತ್ತಾನೆ. ಅವಧೂತನಿಗೆ ದೇವರ ದಾರಿ ತೋರಿಸಿದ ಕುಲವೇ ಇವನನ್ನು ಅನುಮಾನಕ್ಕೆ ತಳ್ಳಿತು. ನಿಮ್ಮ ಲೇಖನ ಇಲ್ಲಿದೆ.

‘ಮಾತೆ’ ಎನ್ನಲೇಬಾರದು ಎಂದು ನಾನು ಹೇಳುತ್ತಿಲ್ಲ. ಮೇಘದೂತದ ಮೊದಲಲ್ಲೇ ಕಾಳಿದಾಸ, ಮೋಡವೆಂದರೆ ಹೊಗೆ, ಬೆಳಕು, ನೀರು, ಗಾಳಿಗಳ ಕೂಟ, ಅದೆಲ್ಲಿ ಸಂದೇಶ ಒಯ್ದೀತು ಎಂದು ತಾನೇ ಕೇಳಿಬಿಡುತ್ತಾನೆ. ಆಮೇಲೆ ಯಕ್ಷನನ್ನು ಅದರ ಜೊತೆ ಮಾತಿಗೆ ಬಿಡುತ್ತಾನೆ. ಮೋಡ ಏನೆಂದು ತಿಳಿದೂ ಆಡಿದ ಮಾತು ಅದು. ನಿಮ್ಮ ‘ಮಾತೆ’ ಹುಳುಗಳನ್ನು ನೋಡದೆ ಬಂದಳು.

ಗೂಡಿನಿಂದ ಶುರುಮಾಡಿ ಮತ್ತೆ ಬರೆಯಿರಿ, ನಾಲ್ಕು ಪುಟ ಸಾಕು. ನಾನು ಇಲ್ಲಿ ಹೇಳಿದ್ದನ್ನೆಲ್ಲ ತುರುಕಬೇಡಿ. ಫಾಬ್ರ್ ಬೇಡವಾದರೆ ಬಿಡಿ. ನನಗೆ ತಿಳಿಯಬೇಕಾದದ್ದು ಬೇರೆಯೇ ಇದೆ. ಗೂಡು ಒಡೆದ ಮೇಲೆ ಆ ಆರು ಹುಳುಗಳನ್ನು ಏನು ಮಾಡಿದಿರಿ? ಗಿಡಕ್ಕೆ ಬಿಟ್ಟಿರೋ, ಗುಡಿಸಿ ಎಸೆದಿರೋ, ಕಣಜ ಮರಳಿ ಬಂತೋ? ಅದನ್ನು ನೀವು ಬರೆದೇ ಇಲ್ಲ.

ಇಂತಿ,
ಸಂಪಾದಕ