ಸೈಕಲ್ಲಿಗೆ ಐದು ಸೆಕೆಂಡು ಕೊಟ್ಟರೆ ಬಸ್ಸಿಗೆ ಎಷ್ಟು ನಷ್ಟ?

ಪ್ರಶ್ನೆ: ನಮ್ಮ ಮನೆಯ ಹತ್ತಿರ ಎರಡು ದೊಡ್ಡ ರಸ್ತೆಗಳು ಕೂಡುವಲ್ಲಿ ಸಿಗ್ನಲ್ ಇದೆ. ಅಲ್ಲಿ ಸೈಕಲ್ ಸವಾರರಿಗೆ ಬೇರೆಯೇ ಹಸಿರು ದೀಪ ಕೊಡುವ ಪ್ರಸ್ತಾವ ಬಂದಿದೆ. ಹಾಗೆ ಮಾಡಿದರೆ ಪ್ರತಿ ಬಸ್ಸೂ ತಡವಾಗುತ್ತದೆ ಎಂಬುದು ಬಸ್ಸಿನವರ ತಕರಾರು. ಮಗಳು ಕಾಲೇಜಿಗೆ ಹೋಗುವುದು ಸೈಕಲ್ಲಿನಲ್ಲಿ, ನಾನು ಕೆಲಸಕ್ಕೆ ಹೋಗುವುದು ಬಸ್ಸಿನಲ್ಲಿ. ಸಭೆಯಲ್ಲಿ ಯಾರ ಪರ ಮಾತಾಡಲಿ?

ಉತ್ತರ: ಇಬ್ಬರ ಪರವಾಗಿಯೂ ಮಾತಾಡಿ. ನೇರ ಹೋಗುವ ಬಸ್ಸಿಗೂ ನೇರ ಹೋಗುವ ಸೈಕಲ್ಲಿಗೂ ಜಂಕ್ಷನ್ನಿನಲ್ಲಿ ಜಗಳವೇ ಇಲ್ಲ. ಎರಡೂ ಒಂದೇ ಹಸಿರಿನಲ್ಲಿ ದಾಟಬಹುದು. ಸೈಕಲ್ಲಿಗೆ ಕಂಟಕ ತಿರುಗುವ ವಾಹನ. ಎಡಬದಿ ಸಂಚಾರ ಇರುವಲ್ಲಿ ಕಾರೋ ಲಾರಿಯೋ ಪಕ್ಕದಲ್ಲೇ ಬಂದು, ಸೈಕಲ್ ನೇರ ಹೊರಟಿರುವಾಗಲೇ ಅದರ ಮುಂದೆ ಎಡಕ್ಕೆ ಹೊರಳಿಬಿಡುತ್ತದೆ. ಹಾಗಾಗಿ ಸೆಕೆಂಡುಗಳನ್ನು ಕೀಳುವುದಾದರೆ ತಿರುಗುವವರ ಪಾಲಿನಿಂದ ಕೀಳಬೇಕು. ಬಸ್ಸೂ ಸೈಕಲ್ಲೂ ನೇರ ಹೋಗುತ್ತಿರುವಾಗ ಎಡತಿರುವಿನ ಬಾಣ ಕೆಂಪಾಗಿರಲಿ, ಆಮೇಲೆ ಅವರ ಸರದಿ. ಇದಕ್ಕೆ ತಿರುಗುವವರಿಗೆಂದೇ ಒಂದು ಲೇನ್ ಬೇಕು, ಇಲ್ಲವಾದರೆ ಬಾಣಕ್ಕೆ ಕಾಯುವ ಕಾರಿನ ಹಿಂದೆ ಬಸ್ಸೂ ಸಿಕ್ಕಿಕೊಳ್ಳುತ್ತದೆ.

ಜಾಗವಿಲ್ಲ ಅಂದರೆ ಸೈಕಲ್ಲಿಗೆ ನಾಲ್ಕೈದು ಸೆಕೆಂಡು ಮೊದಲೇ ಹಸಿರು ಕೊಡುವ ಉಪಾಯವಿದೆ. ನಿಂತಲ್ಲಿಂದ ಹೊರಟ ಸೈಕಲ್ ಅಷ್ಟರಲ್ಲಿ ಹತ್ತು ಮೀಟರಿನಷ್ಟು ಮುಂದಿರುತ್ತದೆ, ತಿರುಗುವ ಚಾಲಕನ ಕಣ್ಣೆದುರಿಗೇ. ಆದರೆ ಇದರ ಲಾಭ ಕೆಂಪಿನಲ್ಲಿ ಕಾದು ನಿಂತವರಿಗೆ ಮಾತ್ರ. ಹಸಿರಿನ ನಡುವೆ ಬಂದವರಿಗೆ ಅಪಾಯ ಇದ್ದಷ್ಟೇ ಇರುತ್ತದೆ. ಪ್ರಸ್ತಾವ ಮಾಡುವವರು ಈ ಮಾತನ್ನು ಮೆಲ್ಲಗೆ ಹೇಳಿ ಮುಂದೆ ಸಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಈಗ ಬಸ್ಸಿನ ಲೆಕ್ಕ. ಸಿಗ್ನಲ್ಲಿನ ಒಂದು ಸುತ್ತು 90 ಸೆಕೆಂಡು, ಬಸ್ ಬರುವ ದಿಕ್ಕಿಗೆ ಅದರಲ್ಲಿ 50 ಸೆಕೆಂಡು ಕೆಂಪು ಎಂದಿಟ್ಟುಕೊಳ್ಳಿ. ಹಸಿರಿಗೆ ಬಂದ ಬಸ್ ನಿಲ್ಲುವುದೇ ಇಲ್ಲ, ಕೆಂಪಿಗೆ ಬಂದದ್ದು ಸರಾಸರಿ 25 ಸೆಕೆಂಡು ಕಾಯುತ್ತದೆ. ಎರಡನ್ನೂ ಸೇರಿಸಿದರೆ ಒಂದು ಬಸ್ಸಿಗೆ ಸರಾಸರಿ ಸುಮಾರು 14 ಸೆಕೆಂಡು. ಸೈಕಲ್ಲಿಗಾಗಿ ಕೆಂಪನ್ನು 55 ಸೆಕೆಂಡಿಗೆ ಏರಿಸಿದರೆ ಅದು 17ಕ್ಕೆ ಬರುತ್ತದೆ. ಅಂದರೆ ಕೊಟ್ಟದ್ದು ಐದು, ಬಸ್ ಕಳೆದುಕೊಂಡದ್ದು ಮೂರು. ಬಾಗಿಲಲ್ಲಿ ಒಬ್ಬರು ಚಿಲ್ಲರೆ ಹುಡುಕುತ್ತ ನಿಂತರೆ ಹೋಗುವ ಹೊತ್ತು ಇದಕ್ಕಿಂತ ಹೆಚ್ಚು.

ಹಾಗೆಂದು ಬಸ್ಸಿನವರ ಭಯ ಸುಳ್ಳೆಂದು ತಳ್ಳಿಹಾಕಬೇಡಿ. ಮೇಲಿನ ಲೆಕ್ಕ ನಿಲ್ಲುವುದು ಪ್ರತಿ ಹಸಿರಿನಲ್ಲೂ ಸಾಲು ಪೂರ್ತಿ ಖಾಲಿಯಾಗುವ ಕಡೆ ಮಾತ್ರ. ರಸ್ತೆ ಮೊದಲೇ ಕಂಠಮಟ್ಟ ತುಂಬಿದ್ದರೆ ಕತೆ ಬೇರೆ. ಒಂದು ಲೇನಿನಲ್ಲಿ ಎರಡು ಸೆಕೆಂಡಿಗೆ ಸರಿಸುಮಾರು ಒಂದು ಕಾರು ದಾಟುತ್ತದೆ. ಐದು ಸೆಕೆಂಡು ಹೋಯಿತೆಂದರೆ ಪ್ರತಿ ಸುತ್ತಿಗೂ ಎರಡು ಮೂರು ಕಾರು ಉಳಿಯುತ್ತವೆ. ಗಂಟೆಗೆ 40 ಸುತ್ತು. ಒಂದು ಗಂಟೆ ಕಳೆಯುವಷ್ಟರಲ್ಲಿ ಸಾಲಿನ ಬಾಲಕ್ಕೆ ನೂರರಷ್ಟು ಕಾರು ಸೇರಿರುತ್ತವೆ, ಬಸ್ ಅವುಗಳ ಹಿಂದೆ. ಅಂಥ ಕಡೆ ಬಸ್ ಪಥವನ್ನು ನಿಲ್ಲುವ ಗೆರೆಯವರೆಗೂ ಎಳೆಯದೆ ಸೈಕಲ್ಲಿನ ಸೆಕೆಂಡುಗಳಿಗೆ ಒಪ್ಪಬಾರದು. ಬಸ್ಸಿಗೆ ಸಾಲನ್ನು ದಾಟುವ ದಾರಿ ಸಿಕ್ಕಿತೆಂದರೆ ಆ ನೂರು ಕಾರುಗಳ ಗೊಡವೆ ಅದಕ್ಕಿಲ್ಲ.

ನಾನೊಮ್ಮೆ ಇಂಥದೇ ಜಂಕ್ಷನ್ನಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದೆ. ತಂಗುದಾಣ ಸಿಗ್ನಲ್ಲಿಗೆ ಹದಿನೈದು ಹೆಜ್ಜೆ ಮೊದಲೇ ಇತ್ತು. ಹಸಿರು ಬಂದಾಗ ಬಸ್ಸಿನ ಬಾಗಿಲು ತೆರೆದಿತ್ತು, ಹಿರಿಯರೊಬ್ಬರು ಕಂಬಿ ಹಿಡಿದು ಇಳಿಯುತ್ತಿದ್ದರು. ಬಾಗಿಲು ಮುಚ್ಚಿತು, ಬಸ್ ಮಿಸುಕಿತು, ದೀಪ ಕೆಂಪಾಯಿತು. ಹತ್ತು ಬಸ್ಸಿನಲ್ಲಿ ಆರಕ್ಕೆ ಇದೇ ಪಾಡು. ತಂಗುದಾಣವನ್ನು ಜಂಕ್ಷನ್ ದಾಟಿದ ಮೇಲೆ ಇಟ್ಟರೆ ಈ ರೋಗ ಹೋಗುತ್ತದೆ. ಬರುತ್ತಿರುವ ಬಸ್ಸನ್ನು ಗುರುತಿಸಿ ಹಸಿರನ್ನು ಕೆಲವು ಸೆಕೆಂಡು ಹಿಗ್ಗಿಸುವ ಅಥವಾ ಕೆಂಪನ್ನು ಬೇಗ ಮುಗಿಸುವ ವ್ಯವಸ್ಥೆಗೂ ಆಗಲೇ ಅರ್ಥ. ಬಾಗಿಲು ಯಾವಾಗ ಮುಚ್ಚುತ್ತದೆಂದು ಸಿಗ್ನಲ್ಲಿಗೆ ಗೊತ್ತಾಗುವುದು ಹೇಗೆ? ಸೈಕಲ್ಲಿಗಾಗಿ ಬಸ್ ಕಳೆದುಕೊಂಡ ಮೂರು ಸೆಕೆಂಡು ಇಲ್ಲಿ ಬಡ್ಡಿ ಸಮೇತ ವಾಪಸ್ ಬರುತ್ತದೆ.

ಎಲ್ಲ ದಿಕ್ಕಿನ ಸೈಕಲ್ಲುಗಳಿಗೂ ಒಟ್ಟಿಗೆ ಹಸಿರು ಕೊಟ್ಟು ಮಿಕ್ಕವರನ್ನೆಲ್ಲ ತಡೆಯುವ ಪದ್ಧತಿ ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್ ನಗರದಲ್ಲಿ 1989ರಿಂದ ಇದೆ. ಅಲ್ಲಿ ಸೈಕಲ್ಲುಗಳ ಸಂಖ್ಯೆಯೇ ದೊಡ್ಡದು. ಸೈಕಲ್ ಕಡಿಮೆ ಇರುವಲ್ಲಿ ನಾನಿದನ್ನು ಸೂಚಿಸುವುದಿಲ್ಲ, ಏಕೆಂದರೆ ಸರದಿ ಒಂದು ಹೆಚ್ಚಾದಂತೆಲ್ಲ ಹಳದಿಗೂ ಜಂಕ್ಷನ್ ಖಾಲಿಯಾಗುವುದಕ್ಕೂ ಹೋಗುವ ಸೆಕೆಂಡುಗಳು ಯಾರಿಗೂ ದಕ್ಕುವುದಿಲ್ಲ.

ನಿಮ್ಮ ಬಸ್ಸು ಅಲ್ಲಿ ನೇರ ಹೋಗದೆ ತಾನೇ ಎಡಕ್ಕೆ ತಿರುಗುವಂತಿದ್ದರೆ ಮಾತ್ರ ಜಗಳ ನಿಜವಾದದ್ದು. 12 ಮೀಟರ್ ಉದ್ದದ ಬಸ್ ತಿರುಗುವಾಗ ಹಿಂದಿನ ಚಕ್ರ ಮುಂದಿನದರ ಜಾಡು ಹಿಡಿಯುವುದಿಲ್ಲ, ಮೂಲೆಯ ಕಡೆಗೆ ಒಳಸರಿಯುತ್ತದೆ. ಅಲ್ಲೇ ಸೈಕಲ್ ನಿಂತಿರುತ್ತದೆ, ಚಾಲಕನ ಕಣ್ಣಿಗೆ ಬೀಳದ ಜಾಗದಲ್ಲಿ. ಇಲ್ಲಿ ಬಸ್ ಕಾಯಲಿ ಎಂದೇ ನನ್ನ ಸಲಹೆ.

ಸಭೆಯಲ್ಲಿ ಇನ್ನೊಂದು ಕೇಳಿ: ಹಸಿರು ಮುಗಿದ ಮೇಲೆ ಅಡ್ಡ ರಸ್ತೆಗೆ ಹಸಿರು ಬರುವವರೆಗಿನ ಅಂತರ ಎಷ್ಟು? 25 ಮೀಟರ್ ಅಗಲದ ಜಂಕ್ಷನ್ನನ್ನು ಗಂಟೆಗೆ 15 ಕಿಲೋಮೀಟರ್ ವೇಗದ ಸೈಕಲ್ ದಾಟಲು ಆರು ಸೆಕೆಂಡು ಬೇಕು. ಕಾರಿನ ವೇಗ ನೋಡಿ ಇಟ್ಟ ಅಂತರ ಅದಕ್ಕಿಂತ ಕಡಿಮೆಯಿದ್ದರೆ, ಹಸಿರಿನ ಕೊನೆಗಳಿಗೆಯಲ್ಲಿ ಹೊರಟ ನಿಮ್ಮ ಮಗಳು ನಡುವೆ ಇರುವಾಗಲೇ ಅಡ್ಡ ರಸ್ತೆಯವರು ಹೊರಡುತ್ತಾರೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಬಸ್ ಪಥದಲ್ಲೇ ಸೈಕಲ್ಲನ್ನೂ ಬಿಟ್ಟರಾಗದೆ?

ಉತ್ತರ: ಬಸ್ಸು ಅಪರೂಪವಾಗಿದ್ದರೆ ಆದೀತು. ಪಥ ಮೂರು ಮೀಟರ್ ಇದ್ದರೆ ಬಸ್ ಹಿಂದಿಕ್ಕಲಾರದೆ ಸೈಕಲ್ಲಿನ ಬೆನ್ನಿಗೇ ಬರುತ್ತದೆ. ಮೂರೂವರೆ ಇನ್ನೂ ಕೆಟ್ಟದ್ದು. ನುಗ್ಗಬಹುದು ಎಂಬ ಆಸೆ ಹುಟ್ಟಿಸುವ ಅಳತೆ ಅದು. ನಾಲ್ಕು ಮೀಟರಿಗೂ ಹೆಚ್ಚು ಅಗಲ ಕೊಡಲು ಸಾಧ್ಯವಿದ್ದರೆ, ಸೈಕಲ್ಲಿಗೆ ಬೇರೆ ಪಥ ಕೊಡುವುದರ ಬಗ್ಗೆಯೇ ಯೋಚಿಸಿ.