ಮಗಳ ಮನೆಗಾಗಿ ನಮ್ಮ ಮನೆ ಮಾರಬೇಕಾ?

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿದ್ದಾರೆ. ಈಗ ಮನೆ ಕೊಳ್ಳಬೇಕೆಂದು ಎರಡು ನೋಡಿದ್ದಾರೆ. ಒಂದು ಊರಿನ ಉತ್ತರಕ್ಕೆ, ಗುಡ್ಡದ ಬದಿಗೆ, ಗೇಟು ಇರುವ ಬಡಾವಣೆಯಲ್ಲಿ ದೊಡ್ಡ ಹೊಸ ಮನೆ. ಇನ್ನೊಂದು ದಕ್ಷಿಣದ ಕಡೆ, ಸಣ್ಣದು, ಹಳೆಯದು. ಮಗಳ ಮನಸ್ಸು ದೊಡ್ಡದರ ಮೇಲಿದೆ. ಧಾರವಾಡದ ಮನೆ ಮಾರಿ ನಮ್ಮ ಜೊತೆಗೇ ಇದ್ದುಬಿಡಿ ಅನ್ನುತ್ತಾಳೆ. ನನಗೆ 64, ನಮ್ಮ ಮನೆಯವರಿಗೆ 70. ಏನು ಹೇಳಲಿ?
– ಓದುಗರೊಬ್ಬರು, ಸಪ್ತಾಪುರ, ಧಾರವಾಡ

ಉತ್ತರ: ಅಕ್ಕಾವ್ರೇ, ಮೊದಲೇ ಹೇಳಿಬಿಡುತ್ತೇನೆ. ಸಪ್ತಾಪುರದ ಮನೆ ಮಾರಬೇಡಿ. ಮಗಳಿಗೆ ಸಣ್ಣ ಮನೆಯನ್ನೇ ತಗೋ ಅನ್ನಿ. ನಾನು ಅಲ್ಲಿ ತಂಗಿಯ ಮನೆಯಲ್ಲಿ ಎರಡು ಚಳಿಗಾಲ ಇದ್ದು ಬಂದವಳು, ಒಮ್ಮೆ ಜುಲೈ ತಿಂಗಳನ್ನೂ ಕಳೆದಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಊರು ತುಂಬಾ ಚೆಂದ. ಮರುಭೂಮಿ ಅಂದರೆ ಬರೀ ಮರಳಲ್ಲ, ಮನೆಗಿಂತ ಎತ್ತರ ಬೆಳೆದ ಸವಾರೋ ಕಳ್ಳಿಗಳಿವೆ, ಮ್ಯಾಕ್‌ಡೊವೆಲ್ ಗುಡ್ಡಗಳಿವೆ. ಆದರೆ ಬಿಸಿಲು! ಪಕ್ಕದ ಫೀನಿಕ್ಸ್‌ನಲ್ಲಿ 2023ರಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು. ನಾನಿದ್ದ ಜುಲೈಯಲ್ಲಿ ರಾತ್ರಿ ಹತ್ತಕ್ಕೂ ಕಟ್ಟೆಯ ಮೇಲೆ ಕೂಡಲಾಗಲಿಲ್ಲ.

ಉತ್ತರದ ಮನೆಯಲ್ಲಿ ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಸಂಜೆ ತನಕ ನೀವಿಬ್ಬರೇ. ಕೊತ್ತಂಬರಿ ಬೇಕೆಂದರೂ ಕಾರು ಬರಬೇಕು. ನಮ್ಮ ಜನ, ನಮ್ಮ ಕಿರಾಣಿ ಅಂಗಡಿ ಜಾಸ್ತಿ ಇರುವುದು ದಕ್ಷಿಣದ ಚಾಂಡ್ಲರ್ ಕಡೆ, ಅದು ಅಲ್ಲಿಂದ ಬಹಳ ದೂರ. ಅಂಥ ಬಡಾವಣೆಗಳಲ್ಲಿ ಅಸೋಸಿಯೇಷನ್ ಇರುತ್ತದೆ, ತಿಂಗಳಿಗಿಷ್ಟು ಅಂತ ಕಟ್ಟಬೇಕು, ಗೋಡೆಯ ಬಣ್ಣಕ್ಕೂ ಅವರ ಒಪ್ಪಿಗೆ ಬೇಕು. ಕಾಗದ ಓದದೆ ಸಹಿ ಹಾಕಬೇಡ ಅಂತ ಅಳಿಯನಿಗೆ ಹೇಳಿ.

ದಕ್ಷಿಣದ ಕಡೆ ಇಂಡಿಯನ್ ಬೆಂಡ್ ವಾಶ್ ಅಂತ ಒಂದು ಹಳ್ಳವಿದೆ. ಹಿಂದೆ ಮಳೆ ಬಂದಾಗ ಉಕ್ಕಿ ಹರಿಯುತ್ತಿತ್ತು. ಕಾಂಕ್ರೀಟ್ ಕಾಲುವೆ ಮಾಡೋಣ ಅಂದಾಗ ಊರಿನವರು ಒಪ್ಪಲಿಲ್ಲ. ಅದರ ಬದಲು ಸುಮಾರು 18 ಕಿ.ಮೀ. ಉದ್ದಕ್ಕೂ ಹುಲ್ಲು, ಸಣ್ಣ ಕೆರೆ, ನಡೆಯುವ ದಾರಿ ಮಾಡಿಸಿಕೊಂಡರು. ಸಾಧನಕೇರಿ ಕಡೆ ಅಡ್ಡಾಡಿದ ಹಾಗೆ ನಾನು ದಿನಾ ಸಂಜೆ ಅಲ್ಲಿ ಅಡ್ಡಾಡುತ್ತಿದ್ದೆ, ಎರಡೇ ವಾರದಲ್ಲಿ ನಾಲ್ಕು ಜನ ಗುರುತಾದರು. ಮಗಳು ನೋಡಿದ ಸಣ್ಣ ಮನೆಯಿಂದ ಇದು ಎಷ್ಟು ದೂರ ಅಂತ ಕೇಳಿ. ನಡೆದು ಹೋಗುವಷ್ಟಿದ್ದರೆ ಬಹಳ ಒಳ್ಳೆಯದು.

ಇನ್ನು ನೀರು. ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ನೋಡುವಾಗ ನಾವು ಮೊದಲು ಕೇಳುವುದೇ ‘ನೀರು ಹೆಂಗ್ರೀ?’ ಅಂತ, ಅಲ್ವಾ? ಅಲ್ಲಿಯೂ ಅದನ್ನೇ ಕೇಳಬೇಕು. ಊರಿನ ಬಹುಪಾಲು ನೀರು ಕೊಲೊರಾಡೊ ನದಿಯದು, 500 ಕಿ.ಮೀ.ಗಿಂತ ಉದ್ದದ ಕಾಲುವೆಯಲ್ಲಿ ಬರುತ್ತದೆ. ಊರಿನ ಗಡಿಯಾಚೆ ರಿಯೊ ವರ್ಡಿ ಫುಟ್‌ಹಿಲ್ಸ್ ಅಂತ ಒಂದು ಕಡೆ ನೂರಾರು ಮನೆಗಳು ಸ್ಕಾಟ್ಸ್‌ಡೇಲ್‌ನಿಂದ ಟ್ಯಾಂಕರ್‌ನಲ್ಲಿ ನೀರು ತರಿಸಿಕೊಳ್ಳುತ್ತಿದ್ದವು. ಬರದ ಕಾರಣಕ್ಕೆ 2023ರ ಜನವರಿ 1ರಿಂದ ಸ್ಕಾಟ್ಸ್‌ಡೇಲ್ ನಗರಾಡಳಿತದವರು ಅದನ್ನು ನಿಲ್ಲಿಸಿಬಿಟ್ಟರು. ಲಕ್ಷಾಂತರ ಡಾಲರ್ ಮನೆಗಳವು. ಹಾಗಾಗಿ ಉತ್ತರದ ಆ ಮನೆ ಊರಿನ ಗಡಿಯೊಳಗಿದೆಯಾ, ನಳ ಯಾರದು ಅಂತ ಮಗಳು ತಪ್ಪದೆ ವಿಚಾರಿಸಲಿ.

ನೀವು ದೀಪಾವಳಿ ಮುಗಿಸಿ ನವೆಂಬರ್‌ನಲ್ಲಿ ಹೋಗಿ. ಆಗ ಅಲ್ಲಿಯ ಹವೆ ನಮ್ಮ ಧಾರವಾಡದ ಚಳಿಗಾಲದಂತೆಯೇ ಹಿತ. ಚಪ್ಪಲಿ ಕೊಡವಿ ಹಾಕಿಕೊಳ್ಳಿ, ಚೇಳಿನ ಕಾಟ ಇದೆ. ಯುಗಾದಿಗೆ ವಾಪಸು ಬನ್ನಿ. ಬೀಗದ ಕೈ ನಿಮ್ಮ ಕೈಯಲ್ಲೇ ಇರಲಿ.